ತೈವಾನ್‌ಗೆ ಹೋದರೆ ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳಬೇಡಿ

ತೈವಾನ್‌ಗೆ ಹೋದವರು ಮೊದಲು ಕಂಡ ಅಂಗಡಿಯಲ್ಲೇ ಗಡದ್ದಾಗಿ ಉಂಡುಬಿಡುತ್ತಾರೆ. ಆಮೇಲೆ ಬೀದಿಯುದ್ದಕ್ಕೂ ಬರುವ ಒಳ್ಳೊಳ್ಳೆ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಅಲ್ಲಿನ ಹಳೆಯ ರುಚಿಗಳು ಇರುವುದು ಸಣ್ಣ ಸಣ್ಣ ಬಟ್ಟಲುಗಳಲ್ಲಿ. ಅದಕ್ಕೆ ಶಿಯಾವ್‌ಚಿ ಎನ್ನುತ್ತಾರೆ, ಅಂದರೆ ಸಣ್ಣ ತಿನಿಸು. ಎಷ್ಟೋ ಅಂಗಡಿಗಳು ಒಂದೋ ಎರಡೋ ತಿನಿಸನ್ನೇ ಮಾಡುತ್ತವೆ, ಕೆಲವು ಕಡೆ ತಾತನ ಕಾಲದಿಂದ ಅದೊಂದನ್ನೇ. ಒಂದು ತಟ್ಟೆ ತಗೊಳ್ಳಿ, ಜೊತೆಯವರ ಹತ್ತಿರ ಹಂಚಿಕೊಳ್ಳಿ, ಎದ್ದು ಮುಂದಿನ ಅಂಗಡಿಗೆ ಹೋಗಿ.

ಇನ್ನೊಂದು ಮಾತು, ಅಲ್ಲಿ ಬಹಳಷ್ಟು ತಿನಿಸಿಗೆ ಅದರದೇ ಹೊತ್ತು ಇದೆ. ಹೊತ್ತು ತಪ್ಪಿದರೆ ಸಿಗುವುದಿಲ್ಲ.

ಬೆಳಗ್ಗೆ ಹೋಟೆಲಿನಲ್ಲಿ ತಿಂಡಿ ಪುಕ್ಕಟೆ ಕೊಟ್ಟರೂ ಒಂದು ದಿನ ಅದನ್ನು ಬಿಟ್ಟು ಹೊರಗೆ ಬನ್ನಿ. ಸೋಯಾ ಹಾಲಿನ ಅಂಗಡಿ ಹುಡುಕಿ. ಸಿಹಿ ಸೋಯಾ ಹಾಲು ಎಲ್ಲರಿಗೂ ಇಷ್ಟವಾಗುತ್ತದೆ, ಆದರೆ ನಾನು ಹೇಳುವುದು ಖಾರಾ ಬಟ್ಟಲಿನ ಬಗ್ಗೆ. ಬಿಸಿ ಸೋಯಾ ಹಾಲಿಗೆ ವಿನೆಗರ್, ಉಪ್ಪಿನಲ್ಲಿ ಹಾಕಿಟ್ಟ ತರಕಾರಿ, ಒಣ ಸಿಗಡಿ, ಮೇಲೆ ಯೌತ್ಯಾವ್ ಅನ್ನುವ, ಗರಿಗರಿಯಾಗಿ ಕರಿದ ಹಿಟ್ಟಿನ ಕೋಲಿನ ಚೂರುಗಳು. ನೋಡಲು ಹಾಲು ಒಡೆದ ಹಾಗೆ ಇರುತ್ತದೆ. ಹೆದರಬೇಡಿ, ವಿನೆಗರ್ ಬಿದ್ದ ಮೇಲೆ ಅದು ಒಡೆಯಲೇಬೇಕು. ಜೊತೆಗೆ ತೆಳ್ಳಗಿನ ರೊಟ್ಟಿಯ ಮೇಲೆ ಮೊಟ್ಟೆ ಹರಡಿ ಸುತ್ತಿ ಕೊಡುವ ದಾನ್‌ಬಿಂಗ್ ಒಂದು ತಗೊಳ್ಳಿ.

ಭಾಷೆ ಬರುವುದಿಲ್ಲ ಅಂತ ಚಿಂತೆ ಬೇಡ. ತುಂಬಾ ಅಂಗಡಿಗಳಲ್ಲಿ ತಿನಿಸಿನ ಹೆಸರು, ಬೆಲೆ ಅಚ್ಚಾದ ಚೀಟಿ ಇರುತ್ತದೆ. ಬೇಕಾದದ್ದರ ಮುಂದೆ ಎಷ್ಟು ಅಂತ ಸಂಖ್ಯೆ ಬರೆದು, ಮೇಜಿನ ನಂಬರ್ ಹಾಕಿ ಕೊಟ್ಟರೆ ಆಯಿತು. ಚೀನೀ ಅಕ್ಷರ ಓದಲು ಮೊಬೈಲಿನ ಕ್ಯಾಮೆರಾ ಅನುವಾದ ಸಾಕು. 'ನೇಯೊಂಗ್' ಅಂದರೆ ಇಲ್ಲೇ ತಿನ್ನುತ್ತೇವೆ, 'ವೈದಾಯ್' ಅಂದರೆ ಪಾರ್ಸೆಲ್. ಕೈಯಲ್ಲಿ ಚಿಲ್ಲರೆ ನೋಟು ಇಟ್ಟುಕೊಳ್ಳಿ, ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದೇ ಇರಬಹುದು. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಮಧ್ಯಾಹ್ನಕ್ಕೆ ಲೂ ರೋ ಫಾನ್. ಸಣ್ಣಗೆ ಕತ್ತರಿಸಿದ ಹಂದಿಮಾಂಸವನ್ನು ಸೋಯಾ ಸಾಸಿನಲ್ಲಿ ಬಹಳ ಹೊತ್ತು ಬೇಯಿಸಿ ಬಿಸಿ ಅನ್ನದ ಮೇಲೆ ಹಾಕುತ್ತಾರೆ, ಅಷ್ಟೇ. ಚಿಯಾಯಿ ಊರಿಗೆ ಹೋದರೆ ಅದರ ಬದಲು ಟರ್ಕಿ ಕೋಳಿಯ ಅನ್ನ. ತೈನಾನ್‌ಗೆ ಹೋದರೆ ದಾನ್‌ಝೈ ನೂಡಲ್ಸ್. ಇದರ ಕಥೆ ನನಗೆ ಬಹಳ ಇಷ್ಟ. ಬಿರುಗಾಳಿಯ ತಿಂಗಳುಗಳಲ್ಲಿ ಸಮುದ್ರಕ್ಕೆ ಇಳಿಯಲಾಗದ ಒಬ್ಬ ಮೀನುಗಾರ 1895ರಲ್ಲಿ ಅಡ್ಡೆ ಹೊತ್ತು ಬೀದಿಯಲ್ಲಿ ನೂಡಲ್ಸ್ ಮಾರಲು ಶುರು ಮಾಡಿದ. ಆ ಅಡ್ಡೆಯ ಹೆಸರೇ ತಿನಿಸಿಗೂ ಬಂತು. ಬಟ್ಟಲು ಚಿಕ್ಕದು, ನಾಲ್ಕು ತುತ್ತಿಗೆ ಮುಗಿಯುತ್ತದೆ. ಅದು ಊಟವಲ್ಲ, ಎರಡು ಊಟದ ನಡುವಿನ ಆಸರೆ. ತೈನಾನ್ ತೈವಾನಿನ ಹಳೆಯ ರಾಜಧಾನಿ, ಅಲ್ಲಿನ ಅಡುಗೆಯಲ್ಲಿ ಸಿಹಿ ಸ್ವಲ್ಪ ಜಾಸ್ತಿ. ತಿನ್ನುವುದಕ್ಕೇ ಹೋಗುವವರಾದರೆ ಈಗಿನ ರಾಜಧಾನಿ ತೈಪೆಯಲ್ಲಿ ಒಂದು ದಿನ ಕಡಿಮೆ ಮಾಡಿ ತೈನಾನ್‌ನಲ್ಲಿ ಎರಡು ದಿನ ಇರಿ.

ಮಧ್ಯಾಹ್ನ ಎರಡರಿಂದ ಐದರವರೆಗೆ ಬಹಳ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಅದು ಸಿಹಿಯ ಹೊತ್ತು. ಸೋಯಾ ಹಾಲಿನ ಪನೀರಿನಂಥ ಮೆತ್ತನೆಯ ತೋಫುವಿಗೆ ಬೆಲ್ಲದ ಪಾಕದಂಥದ್ದು ಹಾಕಿದ ದೌಹ್ವಾ, ಬೇಸಿಗೆಯಾದರೆ ಮಾವಿನಹಣ್ಣು ಹಾಕಿದ ಐಸ್, ಜಿಯುಫೆನ್ ಬೆಟ್ಟದ ಊರಿನಲ್ಲಾದರೆ ಕೆಸುವಿನ ಗೆಡ್ಡೆಯ ಉಂಡೆಗಳು. ಸಾಬೂದಾನಿಯಂಥ ಮೆತ್ತನೆಯ ಗುಂಡುಗಳನ್ನು ಹಾಕಿದ ಹಾಲಿನ ಚಹಾ, ಬಬಲ್ ಟೀ, ಹುಟ್ಟಿದ್ದೂ ತೈವಾನಿನಲ್ಲೇ, 1980ರ ದಶಕದಲ್ಲಿ. ನಾವೇ ಮೊದಲು ಮಾಡಿದ್ದು ಅಂತ ತೈಚುಂಗ್‌ನ ಒಂದು ಅಂಗಡಿ, ತೈನಾನ್‌ನ ಒಂದು ಅಂಗಡಿ ಎರಡೂ ಹೇಳುತ್ತವೆ. ಸಕ್ಕರೆ ಎಷ್ಟು, ಐಸ್ ಎಷ್ಟು ಅಂತ ಕೇಳುತ್ತಾರೆ. 'ಬಾನ್ ಥಾಂಗ್' ಅಂದರೆ ಅರ್ಧ ಸಕ್ಕರೆ, ಅದೇ ಸಾಕಷ್ಟು ಸಿಹಿ.

ರಾತ್ರಿ ಸಂತೆಗೆ ಹಸಿದು ಹೋಗಿ. ತೈಪೆಯ ಶಿಲಿನ್ ಸಂತೆ ದೊಡ್ಡದು, ಹೆಸರೂ ದೊಡ್ಡದು. ಆದರೆ ಬರೀ ತಿನ್ನುವುದಕ್ಕಾದರೆ ರಾವ್‌ಹೆ ಅಥವಾ ನಿಂಗ್‌ಶಿಯಾ ವಾಸಿ. ರಾವ್‌ಹೆಯಲ್ಲಿ ದೇವಸ್ಥಾನದ ಕಡೆಯ ಬಾಗಿಲಲ್ಲೇ ಮೆಣಸಿನ ಬನ್ನಿನ ಸಾಲು ಕಾಣುತ್ತದೆ. ಒಳಗೆ ಹಂದಿಮಾಂಸ, ಈರುಳ್ಳಿ ಸೊಪ್ಪು, ಕರಿಮೆಣಸು. ತಂದೂರಿ ಒಲೆಯ ಹಾಗೆ ಗೋಡೆಗೆ ಅಂಟಿಸಿ ಸುಡುತ್ತಾರೆ. ಒಳಗಿನ ರಸ ಕುದಿಯುತ್ತಿರುತ್ತದೆ, ಮೊದಲು ಅಂಚಿಗೆ ಸ್ವಲ್ಪ ಕಚ್ಚಿ ಆರಲು ಬಿಡಿ. ಕಾದು ಹಾಕಿಸಿಕೊಳ್ಳಬೇಕಾದ ಇನ್ನೊಂದು ಕಡಲೆಕಾಯಿ ಐಸ್‌ಕ್ರೀಮ್ ಸುರುಳಿ. ದೊಡ್ಡ ಕಡಲೆಕಾಯಿ ಚಿಕ್ಕಿಯ ಗಟ್ಟಿಯನ್ನು ಬಡಗಿಯ ಉಜ್ಜುಗೊರಡಿನಂಥದ್ದರಿಂದ ಹೆರೆದು, ಹಾಳೆಯಷ್ಟು ತೆಳ್ಳಗಿನ ರೊಟ್ಟಿಯ ಮೇಲೆ ಉದುರಿಸಿ, ಐಸ್‌ಕ್ರೀಮ್ ಇಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಹಾಕಿ ಸುತ್ತುತ್ತಾರೆ. ಐಸ್‌ಕ್ರೀಮಿಗೆ ಕೊತ್ತಂಬರಿನಾ ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಬೇಡ ಅನ್ನಬೇಡಿ, ಅದರ ಜೀವ ಇರುವುದೇ ಆ ಸೊಪ್ಪಿನಲ್ಲಿ. ನಾರುವ ತೋಫುವಿನದೂ ಇದೇ ಮಾತು, ಮೂಗಿಗಿಂತ ನಾಲಿಗೆಯನ್ನು ನಂಬಿ.

ಸಸ್ಯಾಹಾರಿಗಳು ಸುಮ್ನೆ ಬಿಸ್ಕತ್ತು ಹೊತ್ತುಕೊಂಡು ಹೋಗುತ್ತಾರೆ, ಅದರ ಅಗತ್ಯವಿಲ್ಲ. ಬೌದ್ಧರು ಹೆಚ್ಚಿರುವ ಊರು, ಸಸ್ಯಾಹಾರದ ಅಂಗಡಿಗಳು ಬೇಕಾದಷ್ಟಿವೆ. ಬೋರ್ಡಿನ ಮೇಲೆ ಎಡಕ್ಕೆ ತಿರುಗಿದ ಸ್ವಸ್ತಿಕ ಇದ್ದರೆ ಒಳಗೆ ಹೋಗಿ. ಎಷ್ಟೋ ಕಡೆ ಬೇಕಾದ್ದು ನೀವೇ ಬಡಿಸಿಕೊಂಡು ತೂಕಕ್ಕೆ ದುಡ್ಡು ಕೊಡಬಹುದು, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕದೆ ಅಡುಗೆ ಮಾಡುವವರಿದ್ದಾರೆ. 'ವೊ ಚಿ ಸು' ಅಂದರೆ ನಾನು ಸಸ್ಯಾಹಾರಿ. ಎಚ್ಚರ ಬೇಕಿರುವುದು ಮಾಮೂಲಿ ಅಂಗಡಿಗಳಲ್ಲಿ. ಬರೀ ಸೊಪ್ಪು ಕೇಳಿದರೂ ಮೇಲೆ ಮಾಂಸದ ಸಾಸು ಹಾಕಿ ಕೊಡುವುದುಂಟು, ಮೇಲೆ ಹೇಳಿದ ಖಾರಾ ಸೋಯಾ ಹಾಲಿನಲ್ಲಿ ಸಿಗಡಿ ಇರುತ್ತದೆ, ನಾರುವ ತೋಫುವನ್ನು ನೆನೆಸುವ ನೀರಿನಲ್ಲೂ ಇರಬಹುದು. ದನದ ಮಾಂಸ ಬೇಡದವರು 'ಬು ಚಿ ನ್ಯೂ ರೋ' ಅನ್ನಿ. ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಹೊಲ ಉತ್ತ ಎತ್ತನ್ನು ತಿನ್ನಬಾರದು ಅಂತ ಅದನ್ನು ಮುಟ್ಟದ ರೈತ ಮನೆತನಗಳು ಅಲ್ಲಿಯೂ ಇವೆ.

ಮೆಟ್ರೋದಲ್ಲಿ ಮಾತ್ರ ಏನೂ ತಿನ್ನಬೇಡಿ, ನೀರನ್ನೂ ಕುಡಿಯಬೇಡಿ. ತೈಪೆ ಮೆಟ್ರೋದಲ್ಲಿ 1,500ರಿಂದ 7,500 ತೈವಾನ್ ಡಾಲರ್‌ವರೆಗೆ ದಂಡ ಇದೆ. ಊರಿಂದೂರಿಗೆ ಹೋಗುವ ರೈಲಿನಲ್ಲಿ ಆ ನಿಯಮ ಇಲ್ಲ. ಹತ್ತುವ ಮೊದಲು ಸ್ಟೇಷನ್ನಿನಲ್ಲೇ ಬಿಯೆನ್‌ದಾಂಗ್ ಅನ್ನುವ ಊಟದ ಡಬ್ಬಿ ಕೊಂಡುಕೊಳ್ಳಿ, ಅನ್ನದ ಮೇಲೆ ಹಂದಿಮಾಂಸದ ತುಂಡು, ಮೊಟ್ಟೆ, ಪಲ್ಯ ಇರುತ್ತದೆ. ತೈಪೆಯಿಂದ ಪೂರ್ವ ಕರಾವಳಿಯ ಹ್ವಾಲಿಯೆನ್ ಕಡೆಗೆ ಹೋಗುವಾಗ ಎಡಗಡೆ ಕಿಟಕಿಯ ಸೀಟು ಸಿಕ್ಕರೆ ಸಮುದ್ರ ಕಾಣುವವರೆಗೆ ಡಬ್ಬಿ ತೆಗೆಯಬೇಡಿ.