ಓದಲು ಬೆಂಗಳೂರಿಗೆ ಬಂದಿರಾ? ಮೊದಲು ಬ್ಯಾಂಕ್ ಖಾತೆ ನೋಡಿಕೊಳ್ಳಿ

ನನ್ನ ಡಿಗ್ರಿಯ ಮೊದಲ ವರ್ಷ. ಗೆಳೆಯರಿಗೆಲ್ಲ ವಿದ್ಯಾರ್ಥಿವೇತನ ಬಂತು, ನನಗೆ ಮಾತ್ರ ಬರಲಿಲ್ಲ. ನಾಲ್ಕು ತಿಂಗಳು ಕಾಲೇಜು ಆಫೀಸಿಗೂ ಬ್ಯಾಂಕಿಗೂ ಅಲೆದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮ ನನ್ನ ಹಳೇ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದರು. ದುಡ್ಡು ಅಲ್ಲಿತ್ತು! ಹೈಸ್ಕೂಲಿನಲ್ಲಿದ್ದಾಗ ತೆರೆದ ಆ ಖಾತೆಗೇ ನನ್ನ ಆಧಾರ್ ಜೋಡಣೆಯಾಗಿತ್ತು. ಅಷ್ಟರಲ್ಲಿ ಪಿ.ಜಿ. ಬಾಡಿಗೆಗೆ ಕೈಸಾಲ ಮಾಡಿಯಾಗಿತ್ತು. ಹಾಗಾಗಿ ಈ ಮಾತಿನಿಂದಲೇ ಶುರು ಮಾಡುತ್ತೇನೆ.

ಮೊದಲು ಕಾಗದಪತ್ರ

ಸರ್ಕಾರದ ಹಣ ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ಮೈಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಆ ಬ್ಯಾಂಕಿನ ಹೆಸರು ಕಾಣುತ್ತದೆ. ಪಕ್ಕದಲ್ಲಿ ‘ಆ್ಯಕ್ಟಿವ್’ ಎಂದಿರಬೇಕು. ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಎಂದೇ ಕೇಳಿ. ಆಧಾರ್‌ಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ದಾಖಲಿಸುವುದಕ್ಕೆ ಈ ಹೆಸರು. ಸುಮ್ನೆ ‘ಆಧಾರ್ ಲಿಂಕ್’ ಎಂದರೆ ಬರೀ ಕೆವೈಸಿ (ಗುರುತಿನ ಪರಿಶೀಲನೆ) ಮಾಡಿ ಕಳಿಸಿಬಿಡುವುದುಂಟು.

ಆಮೇಲೆ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೂ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಈಗಲೇ ಸರಿಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿರುವ ಆರ್‌ಡಿ ಸಂಖ್ಯೆ ಅರ್ಜಿಗೆ ಬೇಕೇ ಬೇಕು. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಪಿಯುಸಿಗೂ ಮುಂಚೆ ಮಾಡಿಸಿದ್ದರೆ ತಾರೀಖು ನೋಡಿಕೊಳ್ಳಿ.

ಅರ್ಜಿ ಎಲ್ಲಿ ಹಾಕುವುದು

ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಅರ್ಜಿಗೆ ಮುಂಚೆ ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ ಆಗಬೇಕು. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಂಡರೆ ದೃಢೀಕರಿಸುವ ಅಧಿಕಾರಿಯ ಮೇಜಿನ ಮುಂದೆ ಇಡೀ ಕ್ಲಾಸೇ ನಿಂತಿರುತ್ತದೆ. ಕಳೆದ ವರ್ಷ ಬಂತು ಎಂದು ಸುಮ್ಮನಿರಬೇಡಿ. ಪ್ರತಿ ವರ್ಷವೂ ಅರ್ಜಿ ಹಾಕಬೇಕು.

ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಬೇರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ‘ವಿದ್ಯಾಸಿರಿ’ ಇದೆ. ಅದರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಸಿಗುತ್ತದೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ‘ರೈತ ವಿದ್ಯಾನಿಧಿ’ಯಲ್ಲಿ ಕೋರ್ಸಿಗೆ ತಕ್ಕಂತೆ ವರ್ಷಕ್ಕೆ 2,500ರಿಂದ 11,000 ರೂಪಾಯಿವರೆಗೆ ನಿಗದಿಯಾಗಿತ್ತು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೆ ಕೇಂದ್ರದ ಎನ್‌ಎಸ್‌ಪಿ ಪೋರ್ಟಲನ್ನೂ ನೋಡಿ. ಅಲ್ಲಿ ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಯೋಜನೆ ಇದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಇದನ್ನಂತೂ ಬಿಡಲೇಬೇಡಿ.

ಕೇಳಲು ನಾಚಿಕೆಪಡುವ ಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಈ ಊರಿನಲ್ಲಿ ಎಷ್ಟೋ ಜನ ವಾರಾನ್ನ ಉಂಡು ಓದಿ ಮುಂದೆ ಬಂದರು. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಓದುವವರಿಗೆ ಆಸರೆ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ.

ತಿಂಗಳ ಲೆಕ್ಕ

ವಿದ್ಯಾರ್ಥಿವೇತನ ಯಾವ ತಿಂಗಳು ಬರುತ್ತದೆಂದು ಯಾರೂ ಹೇಳಲಾರರು. ಅದು ಬರುವುದೇ ಇಲ್ಲ ಎಂದುಕೊಂಡು ತಿಂಗಳ ಲೆಕ್ಕ ಹಾಕಿ. ಬಂದ ದಿನ ಮುಂದಿನ ಶುಲ್ಕಕ್ಕೆ ಎತ್ತಿಡಿ. ಮನೆಯಿಂದ ಬಂದ ಹಣದಲ್ಲಿ ಬಾಡಿಗೆ ಕೊಟ್ಟು, ಉಳಿದದ್ದನ್ನು ನಾಲ್ಕು ಭಾಗ ಮಾಡಿ ಪ್ರತಿ ಸೋಮವಾರ ಒಂದು ಭಾಗ ಮಾತ್ರ ಯುಪಿಐ ಖಾತೆಗೆ ಹಾಕಿಕೊಳ್ಳಿ. ಫೋನಿನಲ್ಲಿ ದುಡ್ಡು ಹೋಗುವುದು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ?

ಪಿ.ಜಿ.ಗೆ ಅಡ್ವಾನ್ಸ್ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು? ಮೇಂಟೆನೆನ್ಸ್ ಎಂದು ಎಷ್ಟು ಮುರಿದುಕೊಳ್ಳುತ್ತೀರಿ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಉಚಿತ, ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಿ. ಪುಸ್ತಕಕ್ಕೆ ಮೊದಲು ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಿಗೆ ಹೋಗಿ.

ಸಾಲ ಮಾಡಲೇಬೇಕಾದರೆ

ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದ ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದ ‘ಅರಿವು’ ಸಾಲವನ್ನು ಮೊದಲು ನೋಡಬೇಕು. ಬಡ್ಡಿ ಶೇ 2 ಮಾತ್ರ. ಅಲ್ಪಸಂಖ್ಯಾತರ ನಿಗಮದಲ್ಲೂ ಇದೇ ಹೆಸರಿನ ಯೋಜನೆ ಇದೆ. ಬ್ಯಾಂಕ್ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್.

ಬ್ಯಾಂಕ್ ಸಾಲದ ಲೆಕ್ಕ ಮನೆಯಲ್ಲಿ ಎಲ್ಲರೂ ಕೂತು ಹಾಕಿ. ವರ್ಷಕ್ಕೆ ಲಕ್ಷದಂತೆ 4 ವರ್ಷ ತೆಗೆದುಕೊಂಡಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದು ಮುಗಿಯುವಷ್ಟರಲ್ಲಿ ಸರಳ ಬಡ್ಡಿಯೇ ಒಂದು ಲಕ್ಷ. ಕಂತು ಶುರುವಾಗುವ ಮುಂಚಿನ ಇನ್ನೊಂದು ವರ್ಷಕ್ಕೆ 40,000. ಮನೆಯವರು ಆಗಿಂದಾಗ್ಗೆ ಬಡ್ಡಿಯನ್ನಾದರೂ ಕಟ್ಟಿಕೊಂಡು ಬಂದರೆ ಈ 1.4 ಲಕ್ಷ ಅಸಲಿಗೆ ಸೇರುವುದಿಲ್ಲ.

ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಹೋಗಲೇಬೇಡಿ. ಫೋನಿನಲ್ಲಿರುವ ನಂಬರುಗಳನ್ನೆಲ್ಲ ಎತ್ತಿಕೊಂಡು ನೆಂಟರಿಗೆ ಕರೆ ಮಾಡಿ ಮಾನ ಕಳೆಯುವವರಿದ್ದಾರೆ. ‘ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ’ ಎಂಬ ಕರೆಯೂ ಮೋಸವೇ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಶುಲ್ಕಕ್ಕೆ ಹಣ ಸಾಲದಿದ್ದರೆ ಕೊನೆಯ ದಿನಕ್ಕೆ ಎರಡು ವಾರ ಮುಂಚೆಯೇ ಪ್ರಾಂಶುಪಾಲರನ್ನು ನೋಡಿ. ಎಸ್‌ಎಸ್‌ಪಿ ಅರ್ಜಿಯ ಪ್ರಿಂಟ್ ಲಗತ್ತಿಸಿ, ಎಷ್ಟು ಕಂತಿನಲ್ಲಿ ಯಾವ ಯಾವ ತಾರೀಖಿಗೆ ಕಟ್ಟುತ್ತೀರೆಂದು ಪತ್ರದಲ್ಲಿ ಬರೆದು ಕೊಡಿ. ಇನ್ನೊಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.