ಓಪನ್ ಆಫರ್ ಬಂದಾಗ ಎಎಂಸಿ ಷೇರನ್ನು ನಾನು ತೂಗಿ ನೋಡಿದ ಬಗೆ

ಶಿರಸಿಯ ಸಮೀಪ ಅಡಿಕೆ ತೋಟ ಮಾಡಿಕೊಂಡಿರುವ ನಾನು, ಮ್ಯೂಚುವಲ್ ಫಂಡ್ ನಡೆಸುವ ಒಂದು ಸಣ್ಣ ಎಎಂಸಿಯ (ಆಸ್ತಿ ನಿರ್ವಹಣಾ ಕಂಪನಿಯ) ಷೇರುಗಳನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೆ. ಷೇರುಗಳಲ್ಲಿ ಹಣ ಹೂಡುವ ಅದರ ಈಕ್ವಿಟಿ ಯೋಜನೆಗಳು ಸೂಚ್ಯಂಕಕ್ಕಿಂತ ಹಿಂದೆ ಬಿದ್ದಿದ್ದವು, ಹೂಡಿಕೆದಾರರ ಹಣ ನಿಧಾನವಾಗಿ ಹೊರಹೋಗುತ್ತಿತ್ತು, ಬರುವ ಶುಲ್ಕದಲ್ಲಿ ಕಚೇರಿಯ ಖರ್ಚೇ ಹುಟ್ಟುತ್ತಿರಲಿಲ್ಲ. ಹೀಗಿರುವಾಗ ಬೇರೊಂದು ಹಣಕಾಸು ಸಮೂಹವು ಪ್ರವರ್ತಕರ ಬಳಿಯಿದ್ದ ಶೇ 49ರಷ್ಟು ಪಾಲನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡು, ನಮ್ಮಂಥ ಸಾರ್ವಜನಿಕ ಷೇರುದಾರರಿಗೆ ಓಪನ್ ಆಫರ್, ಅಂದರೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಕೊಡುಗೆ, ನೀಡಿತು. ಕಂಪನಿಯ ಹೆಸರು ಇಲ್ಲಿ ಬೇಡ; ಅಂಕಿಗಳನ್ನೂ ದುಂಡಾಗಿಸಿ ಹೇಳುತ್ತೇನೆ. ಆಫರ್ ಬೆಲೆ 110 ರೂಪಾಯಿ, ಸುದ್ದಿಗೆ ಮೊದಲು ಷೇರು ಇದ್ದದ್ದು 88ರಲ್ಲಿ, ಸುದ್ದಿ ಬಂದ ನಂತರ ಅದು 104ರ ಆಸುಪಾಸಿನಲ್ಲಿ ನಿಂತಿತು.

ಇಂಥ ಆಫರಿನ ವಿವರವಾದ ಪ್ರಕಟಣೆ ಒಂದು ಇಂಗ್ಲಿಷ್, ಒಂದು ಹಿಂದಿ ಮತ್ತು ಕಂಪನಿಯ ನೋಂದಾಯಿತ ಕಚೇರಿ ಇರುವ ಊರಿನ ಭಾಷೆಯ ಪತ್ರಿಕೆಯಲ್ಲಿ ಬರುತ್ತದೆ. ಕಚೇರಿ ಮುಂಬೈಯಲ್ಲಿದ್ದರೆ ಅದು ಮರಾಠಿ. ನಮ್ಮ ಕಡೆಯವರ ಕಣ್ಣಿಗೆ ಬೀಳುವುದಿಲ್ಲ. ನನಗೆ ಗೊತ್ತಾದದ್ದು ಇಮೇಲಿನಿಂದ. ಕಾರವಾರದಲ್ಲಿರುವ ನನ್ನ ಭಾವನಲ್ಲಿಯೂ ಇದೇ ಷೇರು ಇತ್ತು. ಅವನು ಫೋನಿನಲ್ಲಿ, "ಎಂಬತ್ತೆಂಟರ ಮಾಲಿಗೆ ನೂರಾಹತ್ತು ಕೊಡ್ತಾ ಇದ್ದ, ಕೊಟ್ಟುಬಿಡು ಮಾರಾಯ, ಎಂತಕ್ಕೆ ತಲೆಬಿಸಿ?" ಎಂದ.

ಆದರೆ 88ಕ್ಕೆ ಹೋಲಿಸಿ 110 ಒಳ್ಳೆಯ ಬೆಲೆ ಎಂದು ಹೇಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ಸ್ವಾಧೀನ ನಿಯಮಗಳ ಪ್ರಕಾರ, ಶೇ 25 ಅಥವಾ ಅದಕ್ಕಿಂತ ಹೆಚ್ಚಿನ ಮತಾಧಿಕಾರ ಪಡೆಯಲು ಹೊರಟವನು ಕನಿಷ್ಠ ಇನ್ನೂ ಶೇ 26ರಷ್ಟು ಷೇರಿಗೆ ಆಫರ್ ಕೊಡಬೇಕು. ಪ್ರವರ್ತಕರಿಗೆ ಕೊಡಲು ಒಪ್ಪಿದ ಬೆಲೆ, ಹಿಂದಿನ 26 ವಾರಗಳಲ್ಲಿ ತಾನೇ ಕೊಟ್ಟ ಗರಿಷ್ಠ ಬೆಲೆ, ಹಿಂದಿನ 60 ವಹಿವಾಟು ದಿನಗಳ ಸರಾಸರಿ ಮಾರುಕಟ್ಟೆ ಬೆಲೆ ಮುಂತಾದವುಗಳಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಬಿದ್ದು ಮಲಗಿದ ಷೇರಿನ 60 ದಿನಗಳ ಸರಾಸರಿಯೂ ಬಿದ್ದ ಬೆಲೆಯೇ ಆಗಿರುತ್ತದೆ. ಸ್ವತಂತ್ರ ನಿರ್ದೇಶಕರ ಸಮಿತಿ ಕೊಡುವ ಶಿಫಾರಸಿನಲ್ಲಿ ಸಾಮಾನ್ಯವಾಗಿ ಇರುವುದು ಬೆಲೆ ಈ ಸೂತ್ರಕ್ಕೆ ಸರಿಹೊಂದುತ್ತದೆ ಎಂಬ ಮಾತು. ನಾನು ಅದನ್ನು ಓದುತ್ತೇನೆ, ಅದರ ಮೇಲೆ ತೀರ್ಮಾನ ಮಾಡುವುದಿಲ್ಲ.

ಆದ್ದರಿಂದ ವಾರ್ಷಿಕ ವರದಿ ತೆಗೆದು ಬೇರೆ ದಾರಿಯಲ್ಲಿ ಲೆಕ್ಕ ಹಾಕಿದೆ. 110ರ ಬೆಲೆಗೆ ಇಡೀ ಕಂಪನಿಯ ಮೌಲ್ಯ ಸುಮಾರು 165 ಕೋಟಿ ರೂಪಾಯಿ ಆಗುತ್ತಿತ್ತು. ಅದರಲ್ಲಿ ಕಂಪನಿಯ ಸ್ವಂತ ನಗದು ಮತ್ತು ಹೂಡಿಕೆಯೇ 65 ಕೋಟಿ. ಉಳಿದ 100 ಕೋಟಿ, ಅದು ನಿರ್ವಹಿಸುತ್ತಿದ್ದ 4,000 ಕೋಟಿಯ ವ್ಯವಹಾರಕ್ಕೆ ಕೊಳ್ಳುವವನು ಕಟ್ಟಿದ ಬೆಲೆ, ಅಂದರೆ ಶೇ 2.5. ಎಚ್‌ಎಸ್‌ಬಿಸಿಯು ಎಲ್ ಅಂಡ್ ಟಿ ಮ್ಯೂಚುವಲ್ ಫಂಡನ್ನು 42.5 ಕೋಟಿ ಡಾಲರಿಗೆ ಕೊಂಡಾಗ ಆ ಸಂಸ್ಥೆಯ ನಿರ್ವಹಣೆಯಲ್ಲಿದ್ದದ್ದು ಸುಮಾರು 1,080 ಕೋಟಿ ಡಾಲರ್. ಅಲ್ಲಿನ ಪ್ರಮಾಣ ಹೆಚ್ಚುಕಡಿಮೆ ಶೇ 4. ಇಷ್ಟನ್ನೇ ನೋಡಿದರೆ ನಮಗೆ ಕಡಿಮೆ ಕೊಟ್ಟಂತೆ ತೋರುತ್ತದೆ. ಆದರೆ ನಮ್ಮ ಕಂಪನಿಯ 4,000 ಕೋಟಿಯಲ್ಲಿ ಈಕ್ವಿಟಿ ಯೋಜನೆಗಳ ಹಣ 1,800 ಕೋಟಿ ಮಾತ್ರ. ಉಳಿದದ್ದು ಲಿಕ್ವಿಡ್ ಮತ್ತು ಅಲ್ಪಾವಧಿ ಸಾಲ ಯೋಜನೆಗಳದ್ದು, ಅದರ ಮೇಲೆ ಸಿಗುವ ಶುಲ್ಕ ತೀರಾ ಅಲ್ಪ, ಕಂಪನಿಗಳ ಖಜಾಂಚಿಗಳು ಅದನ್ನು ಯಾವಾಗ ಬೇಕಾದರೂ ಎತ್ತಿಕೊಂಡು ಹೋಗುತ್ತಾರೆ. ಈಕ್ವಿಟಿಯನ್ನು ಮಾತ್ರ ಎಣಿಸಿದರೆ ಬೆಲೆ ಶೇ 5.5ರ ಹತ್ತಿರ ಬರುತ್ತದೆ. ಸೋಲುತ್ತಿರುವ ಸಂಸ್ಥೆಗೆ ಅದು ಜಿಪುಣ ಬೆಲೆಯಲ್ಲ.

ಆ ಈಕ್ವಿಟಿ ಹಣವಾದರೂ ನಿಲ್ಲುತ್ತದೆಯೇ? ಶಿರಸಿಯಲ್ಲಿ ಮ್ಯೂಚುವಲ್ ಫಂಡ್ ವಿತರಕರಾಗಿರುವ ಪರಿಚಿತರೊಬ್ಬರನ್ನು ಕೇಳಿದಾಗ, ಹಳೆಯ ಗ್ರಾಹಕರು ತೆರಿಗೆಯ ಹೆದರಿಕೆಯಿಂದ ಹಣ ತೆಗೆಯದೆ ಕುಳಿತಿದ್ದಾರೆಂದೂ, ಹೊಸ ಎಸ್‌ಐಪಿಯನ್ನು ಮಾತ್ರ ತಾವು ಆ ಸಂಸ್ಥೆಗೆ ಬರೆಸುವುದನ್ನು ನಿಲ್ಲಿಸಿ ಬಹಳ ಕಾಲವಾಯಿತೆಂದೂ ಹೇಳಿದರು. ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಎಎಂಸಿಯ ನಿಯಂತ್ರಣ ಕೈಬದಲಾದಾಗ, ಯೋಜನೆಗಳ ಯೂನಿಟುದಾರರಿಗೆ ಪತ್ರ ಬರೆದು, ಎಕ್ಸಿಟ್ ಲೋಡ್ (ಹೊರಹೋಗುವ ಶುಲ್ಕ) ಇಲ್ಲದೆ, ಯೂನಿಟಿನ ಅಂದಿನ ಮೌಲ್ಯವಾದ ಎನ್‌ಎವಿಗೆ ಹೊರಹೋಗುವ ಅವಕಾಶ ಕೊಡುವುದು ಕಡ್ಡಾಯ. ಬೇಸತ್ತ ಹೂಡಿಕೆದಾರನಿಗೆ ಬಾಗಿಲು ತೆರೆದು ಹೇಳಿಕಳಿಸಿದ ಹಾಗೆ. ಸ್ವಾಧೀನಪಡಿಸಿಕೊಳ್ಳುವ ಸಮೂಹಕ್ಕೆ ಆಗಲೇ ಒಂದು ಎಎಂಸಿ ಇದ್ದುದರಿಂದ, ಎರಡರಲ್ಲೂ ಶೇ 10 ಅಥವಾ ಅದಕ್ಕಿಂತ ಹೆಚ್ಚು ಪಾಲು ಇಟ್ಟುಕೊಳ್ಳುವಂತಿಲ್ಲವೆಂಬ ನಿಯಮದಂತೆ ಮುಂದೆ ವಿಲೀನ ಮಾಡಲೇಬೇಕಾಗಿತ್ತು. ಖರ್ಚು ಉಳಿಯುವುದು ಆ ವಿಲೀನದಲ್ಲಿ. ಉಳಿತಾಯದಲ್ಲಿ ನಮ್ಮ ಪಾಲು ಎಷ್ಟೆಂಬುದನ್ನು ನಿರ್ಧರಿಸುವುದು ವಿಲೀನದ ಅನುಪಾತ (ನಮ್ಮ ಷೇರಿಗೆ ಬದಲಾಗಿ ಎಷ್ಟು ಷೇರು ಎಂಬ ಲೆಕ್ಕ), ಅದನ್ನು ಮುಂದಿಡುವವರು ಹೊಸ ಯಜಮಾನರು. ಆ ವ್ಯವಹಾರಕ್ಕೆ ಕೊಳ್ಳುವವನ ಕೈಯಲ್ಲಿ ಇರುವ ಬೆಲೆ ಅಲ್ಪಸಂಖ್ಯಾತ ಷೇರುದಾರನ ಕೈಯಲ್ಲಿ ಇರುವುದಿಲ್ಲ ಎಂಬುದೇ ನನ್ನ ಇಡೀ ತೀರ್ಮಾನದ ತಿರುಳು.

ಕುಮಟಾದ ಗೆಳೆಯರೊಬ್ಬರು ಇದಕ್ಕೆ ವಿರುದ್ಧವಾದ ಉದಾಹರಣೆ ಕೊಟ್ಟರು. 2019ರಲ್ಲಿ ನಿಪ್ಪಾನ್ ಲೈಫ್, ರಿಲಯನ್ಸ್ ನಿಪ್ಪಾನ್ ಎಎಂಸಿಯ ಷೇರುದಾರರಿಗೆ 230 ರೂಪಾಯಿಯ ಆಫರ್ ಕೊಟ್ಟಿತ್ತು. 2017ರಲ್ಲಿ ಷೇರನ್ನು ಮೊದಲ ಬಾರಿ ಸಾರ್ವಜನಿಕರಿಗೆ ಮಾರಿದ ಐಪಿಒ ಬೆಲೆಯಾದ 252ಕ್ಕಿಂತ ಅದು ಕಡಿಮೆ. ಆಗ ಕೊಡದೆ ಉಳಿಸಿಕೊಂಡವರು ಮುಂದೆ ಒಳ್ಳೆಯ ಲಾಭ ಕಂಡರು. ಮಾತು ನಿಜ. ಆದರೆ ಅಲ್ಲಿ ಕಷ್ಟದಲ್ಲಿದ್ದದ್ದು ಮಾತೃಸಂಸ್ಥೆಯಾದ ರಿಲಯನ್ಸ್ ಕ್ಯಾಪಿಟಲ್; ಎಎಂಸಿ ಲಾಭದಲ್ಲಿತ್ತು, ದೇಶದ ದೊಡ್ಡ ಫಂಡ್ ಸಂಸ್ಥೆಗಳಲ್ಲಿ ಒಂದಾಗಿತ್ತು. ನಮ್ಮದರಲ್ಲಿ ರೋಗ ಇದ್ದದ್ದು ಎಎಂಸಿಯ ಒಳಗೇ.

ನಮ್ಮ ಆಫರ್ ನಗದಿನದಾಗಿತ್ತು ಎಂಬುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡೆ. 2023ರಲ್ಲಿ ಸ್ವಿಟ್ಜರ್ಲೆಂಡಿನ ಹಣ ನಿರ್ವಹಣಾ ಸಂಸ್ಥೆಯಾದ ಗ್ಯಾಮ್‌ಗೆ ಬ್ರಿಟನ್ನಿನ ಲಿಯಾನ್‌ಟ್ರಸ್ಟ್ ತನ್ನ ಷೇರುಗಳನ್ನೇ ಬೆಲೆಯಾಗಿ ಮುಂದಿಟ್ಟಿತ್ತು. ಲಿಯಾನ್‌ಟ್ರಸ್ಟ್ ಷೇರು ಇಳಿದಂತೆ ಕೊಡುಗೆಯ ಮೌಲ್ಯವೂ ಇಳಿಯಿತು, ಕೊನೆಗೆ ಮೂರನೆಯ ಒಂದು ಭಾಗದಷ್ಟು ಷೇರು ಮಾತ್ರ ಬಂದು ಆ ಯತ್ನವೇ ಬಿದ್ದುಹೋಯಿತು.

ಇನ್ನು ಉಳಿದದ್ದು, ಮಾರುಕಟ್ಟೆಯಲ್ಲಿ 104ಕ್ಕೆ ಮಾರುವುದೋ, ಆಫರಿಗೆ ಕೊಡುವುದೋ ಎಂಬುದು. ಶಿರಸಿಯ ಅಡಿಕೆ ಟೆಂಡರಿನಲ್ಲಿ ದರ ಒಪ್ಪಿಗೆಯಾಗದಿದ್ದರೆ ರಾಶಿಯನ್ನು ವಾಪಸು ಇಟ್ಟುಕೊಳ್ಳಬಹುದು, ಮರುದಿನವೂ ಅದು ಅದೇ ಅಡಿಕೆ. ಆಫರಿನಿಂದ ತಿರುಗಿ ಬರುವ ಷೇರು ಹಾಗಲ್ಲ. ಅದು ಬರುವ ಹೊತ್ತಿಗೆ ಆಫರಿನ ಆಸರೆ ಹೋಗಿರುತ್ತದೆ. ಸಾರ್ವಜನಿಕರ ಕೈಯಲ್ಲಿ ಶೇ 51, ಆಫರ್ ಇರುವುದು ಶೇ 26ಕ್ಕೆ. ಅದಕ್ಕಿಂತ ಹೆಚ್ಚು ಷೇರು ಬಂದರೆ ಎಲ್ಲರಿಂದಲೂ ಅದೇ ಅನುಪಾತದಲ್ಲಿ ತೆಗೆದುಕೊಂಡು ಉಳಿದದ್ದನ್ನು ಮರಳಿಸುತ್ತಾರೆ. ಎಲ್ಲರೂ ಕೊಟ್ಟರೂ ನನ್ನ ನೂರು ಷೇರಿನಲ್ಲಿ 51 (51ರಲ್ಲಿ 26ರ ಲೆಕ್ಕದಲ್ಲಿ) ಸ್ವೀಕಾರವಾಗುತ್ತವೆ. ಹಾಗಾದಾಗ ಮರಳುವ 49 ಷೇರು 98 ರೂಪಾಯಿಯ ಹತ್ತಿರ ಮಾರಾಟವಾದರೆ ಮಾತ್ರ ಸರಾಸರಿ 104 ಸಿಗುತ್ತದೆ. 70 ಸ್ವೀಕಾರವಾದರೆ ಉಳಿದವು 90ಕ್ಕೆ ಹೋದರೂ ಸಾಕು. ಹಳೆಯ ಬೆಲೆ 88 ಆಗಿದ್ದುದರಿಂದ, ಸ್ವೀಕಾರದ ಪ್ರಮಾಣ 70ರ ಸುತ್ತ ಇರುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಸಣ್ಣ ಷೇರುದಾರರಲ್ಲಿ ಅನೇಕರು ಪತ್ರವನ್ನೇ ತೆರೆಯುವುದಿಲ್ಲವೆಂಬ ಭರವಸೆ ನನಗಿತ್ತು. ತೆರಿಗೆ ಎರಡೂ ದಾರಿಯಲ್ಲಿ ಒಂದೇ; ಆಫರ್ ಷೇರು ವಿನಿಮಯ ಕೇಂದ್ರದ ಮೂಲಕವೇ ನಡೆಯುವುದರಿಂದ ಮತ್ತು ಷೇರುಗಳಿಗೆ ವರ್ಷ ದಾಟಿದ್ದರಿಂದ, 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5.

ಆಯಿಯ ಖಾತೆಯಲ್ಲಿದ್ದ ಷೇರುಗಳನ್ನು ಮಾರುಕಟ್ಟೆಯಲ್ಲೇ ಮಾರಿಸಿದೆ. ಅವಳ ಹಣಕ್ಕೆ ಈ ಅನಿಶ್ಚಿತತೆ ಬೇಕಿರಲಿಲ್ಲ. ನನ್ನವನ್ನು ಆಫರಿಗೆ ಕೊಟ್ಟೆ. ಅವಧಿ 10 ಕೆಲಸದ ದಿನಗಳದ್ದು. ಒಮ್ಮೆ ಕೊಟ್ಟದ್ದನ್ನು ಹಿಂಪಡೆಯುವಂತಿಲ್ಲವಾದ್ದರಿಂದ ಮೊದಲ ವಾರ ಸುಮ್ಮನಿದ್ದು, ಎಷ್ಟು ಷೇರು ಬಂದಿವೆ ಎಂದು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಸಂಜೆ ನೋಡುತ್ತಿದ್ದೆ. ಬ್ರೋಕರಿನ ಆ್ಯಪ್‌ನಲ್ಲಿ ಸಂಖ್ಯೆ ನಮೂದಿಸಿ ಒಟಿಪಿ ಕೊಟ್ಟೊಡನೆ ಷೇರುಗಳು ಖಾತೆಯಲ್ಲೇ ಉಳಿದು, ಅವುಗಳ ಮೇಲೆ ಲೀನ್ (ಬೇರೆಡೆ ಮಾರದಂತೆ ತಡೆ) ಎಂದು ಬಿತ್ತು. ಕೊನೆಗೆ ಮುಕ್ಕಾಲು ಪಾಲಿನಷ್ಟು ಸ್ವೀಕಾರವಾಗಿ ಹಣ ಬಂತು, ಉಳಿದವುಗಳ ಲೀನ್ ತೆಗೆದರು. ಷೇರು 93ಕ್ಕೆ ಇಳಿದಿತ್ತು. ಮುಂದಿನ ತ್ರೈಮಾಸಿಕದ ಅಂಕಿಗಳಲ್ಲಿ ಈಕ್ವಿಟಿ ಹಣ ಇನ್ನಷ್ಟು ಕರಗಿದ್ದನ್ನು ಕಂಡು ಆ ಉಳಿಕೆಯನ್ನೂ ಮಾರಿದೆ. ಭಾವ ತನ್ನ ಉಳಿಕೆಯನ್ನು ವಿಲೀನದ ಅನುಪಾತ ಬರಲಿ ಎಂದು ಇಟ್ಟುಕೊಂಡಿದ್ದಾನೆ.