ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ಕಾಣದ 11 ಜಿಬಿ

ದಾವಣಗೆರೆಯ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನ ಮೆಷೀನ್ 2025ರ ಫೆಬ್ರವರಿಯಿಂದ ಜೂನ್‌ವರೆಗೆ ನನ್ನ ನಿದ್ದೆ ಕೆಡಿಸಿತ್ತು. ಅವರು ಅದನ್ನು ಸರ್ವರ್ ಅಂತಾರೆ. ಅಸೆಂಬಲ್ಡ್ ಪಿಸಿ, ಏಳನೇ ಜನರೇಷನ್ ಐ5, ವಿಂಡೋಸ್ 10, 8 ಜಿಬಿ ರ‍್ಯಾಮ್. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಎಲ್ಲಾ ಅದರಲ್ಲೇ ಇದೆ. ಉಳಿದ ಐದು ಮೆಷೀನ್‌ಗಳು ಲ್ಯಾನ್ (ಆಫೀಸಿನೊಳಗಿನ ನೆಟ್‌ವರ್ಕ್) ಮೇಲೆ ಅದನ್ನೇ ಓದುತ್ತವೆ. ಎರಡು ವಾರಕ್ಕೊಮ್ಮೆ ಅದು ಆಮೆ ಆಗುತ್ತಿತ್ತು. ಅದೂ ಬಹಳ ಸಲ 20ನೇ ತಾರೀಖಿನ ಹತ್ತಿರ, ಜಿಎಸ್‌ಟಿಯ 3ಬಿ ರಿಟರ್ನ್ ಫೈಲ್ ಮಾಡುವ ಹೊತ್ತಿಗೇ.

ನಮ್ಮ ಕಂಪ್ಯೂಟರ್ ರಿಪೇರಿ ಲೈನಿನ ಗೆಳೆಯರೆಲ್ಲಾ ಒಂದೇ ಮಾತು ಹೇಳಿದರು. "ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತದೆ. ಈ ಪ್ರೊಸೆಸರ್‌ಗೆ 11 ಕೊಡಲ್ಲ. ಹೊಸದು ಮಾರಿಬಿಡ್ರಿ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ?" ಹೊಸದು ಅಂದರೆ 38-40 ಸಾವಿರ. ನನಗೂ ನಾಲ್ಕು ಕಾಸು ಉಳಿಯುತ್ತಿತ್ತು. ಆದರೆ ಮೆಷೀನ್ ಗಟ್ಟಿಯಾಗಿತ್ತು. ರೋಗ ಏನು ಅಂತ ಗೊತ್ತಾಗದೆ ಅದನ್ನು ಗುಜರಿಗೆ ಹಾಕೋಕೆ ನನಗೆ ಮನಸ್ಸು ಬರಲಿಲ್ಲ.

ಮೊದಲ ಸಲ ಹೋದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿಸ್‌ಮೇನ್ (ಪ್ರೋಗ್ರಾಂಗಳನ್ನು ಮೊದಲೇ ಮೆಮೊರಿಗೆ ತುಂಬಿಡುವ ವಿಂಡೋಸ್ ಸರ್ವೀಸ್) ಆಫ್, ಸರ್ಚ್ ಇಂಡೆಕ್ಸಿಂಗ್ ಆಫ್, ಸ್ಟಾರ್ಟಪ್‌ನಲ್ಲಿದ್ದ ಏಳೆಂಟು ಪ್ರೋಗ್ರಾಂ ಆಫ್. ರೀಸ್ಟಾರ್ಟ್ ಮಾಡಿದೆ. ಹಾರಿತು! 300 ರೂಪಾಯಿ ತಗೊಂಡು ಬಂದೆ. ಎರಡು ವಾರಕ್ಕೆ ಮತ್ತೆ ಫೋನ್.

ಮಾರ್ಚ್‌ನಲ್ಲಿ ಒಂದು ಭಾನುವಾರ ಪೂರ್ತಿ ಕೂತು ಫಾರ್ಮ್ಯಾಟ್ ಮಾಡಿದೆ. 700 ರೂಪಾಯಿ. ಮದರ್‌ಬೋರ್ಡ್ ಜೊತೆ ಬಂದ ಡಿಸ್ಕ್‌ನಿಂದಲೇ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಸಾಫ್ಟ್‌ವೇರ್) ಹಾಕಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಮತ್ತೆ ಎರಡು ವಾರ ಚೆನ್ನಾಗಿತ್ತು, ಅಷ್ಟೇ.

ಏಪ್ರಿಲ್ ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಇನ್ನೊಂದು 8 ಜಿಬಿ ಸ್ಟಿಕ್ ತರಿಸಿದೆ. ನನಗೆ ಬಿದ್ದದ್ದು ಸುಮಾರು 1,650, ಅವರಿಗೆ ಹಾಕಿದ್ದು 1,800. ಒಟ್ಟು 16 ಆಯಿತು. ಈ ಸಲ ಒಂದು ತಿಂಗಳು ಸುದ್ದಿಯೇ ಇಲ್ಲ. ಗೆದ್ದೆ ಅಂದುಕೊಂಡೆ. ಜೂನ್ ಮೊದಲ ವಾರ ಆಫೀಸಿನ ಯಜಮಾನರೇ ಅಂಗಡಿಗೆ ಬಂದರು. "ಏನ್ರೀ, ಮೂರು ಸಲ ದುಡ್ಡು ಕೊಟ್ಟೆ. ರೋಗ ಯಾವುದು ಅಂತ ಒಮ್ಮೆನಾದ್ರೂ ಹೇಳಿದ್ರಾ?" ಅಂದರು. ಆ ಮಾತು ನಾಟಿತು.

ನಿಜ ಹೇಳಬೇಕು ಅಂದರೆ, ಆ ಆಫೀಸಿನ ಅಕೌಂಟೆಂಟ್ ಮೇಡಂ ಮಾರ್ಚ್‌ನಲ್ಲೇ ಉತ್ತರ ಹೇಳಿದ್ದರು. "ಸರ್, ರೀಸ್ಟಾರ್ಟ್ ಕೊಟ್ರೆ ಸರಿ ಹೋಗುತ್ತೆ. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದ್ರೆ ಸರಿ ಹೋಗಲ್ಲ." ಎರಡೂ ಒಂದೇ ಅಲ್ವಾ ಅಂತ ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಎರಡೂ ಒಂದೇ ಅಲ್ಲ.

ಜೂನ್‌ನಲ್ಲಿ ಹೋದಾಗ ಏನನ್ನೂ ಮುಟ್ಟದೆ ಸುಮ್ಮನೆ ನೋಡುತ್ತಾ ಕೂತೆ. ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಮೆಮೊರಿ 91 ಪರ್ಸೆಂಟ್. ಪ್ರೊಸೆಸ್ ಪಟ್ಟಿಯಲ್ಲಿ ಒಂದೊಂದನ್ನೂ ಕೂಡಿಸಿದರೆ ಎರಡೂವರೆ ಜಿಬಿ ದಾಟುವುದಿಲ್ಲ. ಟ್ಯಾಲಿಯದ್ದು ಏನೂ ತಪ್ಪಿಲ್ಲ, ಬ್ರೌಸರ್‌ದೂ ಇಲ್ಲ. ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ ಮೆಮೊರಿ ಮೇಲೆ ಒತ್ತಿ ಕೆಳಗೆ ನೋಡಿದೆ. ನಾನ್-ಪೇಜ್ಡ್ ಪೂಲ್ 11 ಜಿಬಿ ಚಿಲ್ಲರೆ! ಇದು ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳು ತಮಗೆ ಅಂತ ಹಿಡಿದಿಟ್ಟುಕೊಳ್ಳುವ ಮೆಮೊರಿ. ಇಂಥ ಮೆಷೀನ್‌ನಲ್ಲಿ ಅದು 200-300 ಎಂಬಿ ಇರಬೇಕು. ಪಕ್ಕದಲ್ಲೇ ಸಿಪಿಯು ಮೇಲೆ ಒತ್ತಿದೆ. ಅಪ್‌ಟೈಮ್ 33 ದಿನ. ದಿನಾ ರಾತ್ರಿ ಆಫ್ ಆಗುವ ಮೆಷೀನ್ 33 ದಿನದಿಂದ ಎದ್ದೇ ಇದೆ!

ಫಾಸ್ಟ್ ಸ್ಟಾರ್ಟಪ್ ಮಾಡುವುದು ಇದೇ. ವಿಂಡೋಸ್ 8ರಿಂದ ಬಂದಿದೆ. ಶಟ್‌ಡೌನ್ ಕೊಟ್ಟರೆ ಕರ್ನಲ್ ಸಾಯುವುದಿಲ್ಲ, ಹೈಬರ್ನೇಟ್ ಆಗಿ ಡಿಸ್ಕ್‌ನಲ್ಲಿ ಮಲಗುತ್ತದೆ. ಬೆಳಿಗ್ಗೆ ಹಳೇ ಡ್ರೈವರು, ಹಳೇ ಕಸ ಎಲ್ಲದರ ಸಮೇತ ಏಳುತ್ತದೆ. ರೀಸ್ಟಾರ್ಟ್‌ಗೆ ಮಾತ್ರ ಅದು ನಿಜವಾಗಿ ಹೊಸದಾಗುತ್ತದೆ. ಅಂದರೆ ನನ್ನ ಮೂರೂ "ರಿಪೇರಿ"ಗಳಲ್ಲಿ ಕೆಲಸ ಮಾಡಿದ್ದು ಕೊನೆಯಲ್ಲಿ ನಾನು ಕೊಟ್ಟ ಆ ಒಂದು ರೀಸ್ಟಾರ್ಟ್. ಹೊಸ ರ‍್ಯಾಮ್ ಮಾಡಿದ್ದು ತುಂಬುವ ಕೊಡವನ್ನು ದೊಡ್ಡದು ಮಾಡಿದ್ದಷ್ಟೇ. ಲೆಕ್ಕವೂ ಹೊಂದುತ್ತದೆ. ದಿನಕ್ಕೆ ಸುಮಾರು 330 ಎಂಬಿ ಸೋರುತ್ತಿತ್ತು. 8 ಜಿಬಿಗೆ ಎರಡು ವಾರ, 16ಕ್ಕೆ ಒಂದು ತಿಂಗಳು. ಮೇ ತಿಂಗಳಲ್ಲಿ ಒಂದು ಅಪ್‌ಡೇಟ್ ರೀಸ್ಟಾರ್ಟ್ ಆಗಿದ್ದರೆ ಸೋರಿದ್ದೆಲ್ಲಾ ಖಾಲಿಯಾಗುತ್ತಿತ್ತು. ಆದರೆ ಫೈಲಿಂಗ್ ಮಧ್ಯೆ ತೊಂದರೆ ಬೇಡ ಅಂತ ನಾನೇ ಅಪ್‌ಡೇಟ್‌ಗಳನ್ನು 35 ದಿನ ತಡೆದಿಟ್ಟಿದ್ದೆ.

ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದು ಅಲ್ಲಿಗೇ ಕೈ ತೊಳೆದುಕೊಳ್ಳಬಹುದಿತ್ತು. ದಿನಾ ಖಾಲಿಯಾಗುತ್ತದೆ, ಗಿರಾಕಿಗೂ ಖುಷಿ. ಟಿಕ್ ತೆಗೆದೆ ಕೂಡ. ಆದರೆ ಸೋರುವ ನಲ್ಲಿ ಯಾವುದು ಅಂತ ಕಾಣಲೇಬೇಕು ಅನ್ನಿಸಿತು.

ಪೂಲ್ ಮೆಮೊರಿಯನ್ನು ಯಾವ ಟ್ಯಾಗ್ (ಗುರುತಿನ ಅಕ್ಷರಗಳು) ಎಷ್ಟು ಹಿಡಿದಿದೆ ಅಂತ ತೋರಿಸುವ ಟೂಲ್ ಪೂಲ್‌ಮಾನ್, ವಿಂಡೋಸ್ ಡ್ರೈವರ್ ಕಿಟ್‌ನಲ್ಲಿ ಬರುತ್ತದೆ. ಕಿಟ್ ಪೂರ್ತಿ ಗಿರಾಕಿಯ ಮೆಷೀನ್‌ಗೆ ತುಂಬಬೇಡಿ. ನಿಮ್ಮ ಮೆಷೀನ್‌ನಲ್ಲಿ ಹಾಕಿ, ಆ ಒಂದು ಇಎಕ್ಸ್‌ಇ ಮಾತ್ರ ಪೆನ್‌ಡ್ರೈವ್‌ಗೆ ತಗೊಳ್ಳಿ. ಅಡ್ಮಿನ್ ಆಗಿ ಓಡಿಸಿ, ನಾನ್‌ಪೇಜ್ಡ್ ಮಾತ್ರ ಕಾಣುವವರೆಗೆ ಪಿ ಒತ್ತಿದೆ, ಆಮೇಲೆ ಬಿ. ಬೈಟ್ಸ್ ಲೆಕ್ಕದಲ್ಲಿ ಮೊದಲ ಸಾಲಿನ ನಾಲ್ಕಕ್ಷರದ ಟ್ಯಾಗ್ ಒಂದೇ ಹತ್ತು ಜಿಬಿ ಮೇಲೆ ಹಿಡಿದು ಕೂತಿತ್ತು. ಎರಡನೆಯದು ನೂರು ಎಂಬಿಯೂ ಇಲ್ಲ. ಡ್ರೈವರ್ಸ್ ಫೋಲ್ಡರ್‌ನ ಸಿಸ್ ಫೈಲ್‌ಗಳ (ಡ್ರೈವರ್ ಫೈಲ್‌ಗಳ) ಮೇಲೆ ಫೈಂಡ್‌ಸ್ಟರ್ ಅನ್ನೋ ಹುಡುಕುವ ಕಮಾಂಡ್ ಬಿಟ್ಟು ಆ ಟ್ಯಾಗ್ ಹುಡುಕಿದೆ. ದೊಡ್ಡಕ್ಷರ ಚಿಕ್ಕಕ್ಷರ ಸರಿಯಾಗಿ ಹಾಕಬೇಕು, ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಎರಡು ಫೈಲ್ ಸಿಕ್ಕವು. ಎರಡೂ ಲ್ಯಾನ್‌ಗೆ ಸಂಬಂಧಿಸಿದವು.

ಟ್ಯಾಗ್ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಅದನ್ನೇ ಹುಡುಕುತ್ತಾರೆ, ನಿಮ್ಮ ಮೆಷೀನ್‌ನಲ್ಲಿ ಬೇರೆಯದೇ ಇರುತ್ತದೆ.

ಆ ಎರಡು ಫೈಲ್‌ಗಳಲ್ಲಿ ಸೋರುವುದು ಯಾವುದು? ಇಲ್ಲೇ ನಾಲ್ಕು ದಿನ ಹೋಯಿತು. ಇಂಟರ್ನೆಟ್ ತುಂಬಾ ಹೇಳುವುದು ಎನ್‌ಡಿಯು (ನೆಟ್ ಬಳಕೆಯ ಲೆಕ್ಕ ಇಡುವ) ಸರ್ವೀಸ್‌ನ ಸ್ಟಾರ್ಟ್ ವ್ಯಾಲ್ಯೂ 4 ಮಾಡಿ, ಅಂದರೆ ಆಫ್ ಮಾಡಿ ಅಂತ. ಮಾಡಿದೆ. ಇಲ್ಲಿ ಏನೂ ಬದಲಾಗಲಿಲ್ಲ, ವಾಪಸ್ 2 ಮಾಡಿದೆ. ಒಂದು ಶನಿವಾರ ಸಂಜೆ ಲ್ಯಾನ್ ಕೇಬಲ್ ಕಿತ್ತು, ಮೆಷೀನ್ ಆನ್ ಇಟ್ಟು ಬಂದೆ. ಸೋಮವಾರ ನೋಡಿದರೆ ಟ್ಯಾಗ್ ಇದ್ದಲ್ಲೇ ಇದೆ. ಕೇಬಲ್ ಹಾಕಿ 20 ಜಿಬಿಯ ಬ್ಯಾಕಪ್ ಫೋಲ್ಡರ್ ಇನ್ನೊಂದು ಮೆಷೀನ್‌ಗೆ ಕಾಪಿ ಕೊಟ್ಟೆ. ಕಣ್ಣೆದುರೇ ಏರತೊಡಗಿತು. ಕಾಪಿ ಮುಗಿದರೂ ಇಳಿಯಲಿಲ್ಲ! ಆ ಸಂಜೆ ಮನೆಗೆ ಹೋಗೋಕೇ ಮನಸ್ಸಿರಲಿಲ್ಲ.

ಈ ಮಧ್ಯೆ ಅಂಗಡಿಯ ನನ್ನ ಮೆಷೀನ್ ಮೇಲೆ ಡ್ರೈವರ್‌ಗಳನ್ನು ಬಿಗಿಯಾಗಿ ಪರೀಕ್ಷಿಸುವ ಡ್ರೈವರ್ ವೆರಿಫೈಯರ್ ಕೂಡ ಪ್ರಯೋಗಿಸಿದೆ, ಎಲ್ಲಾ ಡ್ರೈವರ್‌ಗೂ ಟಿಕ್ ಹಾಕಿ. ಬೂಟ್ ಆಗುವಾಗಲೇ ನೀಲಿ ಪರದೆ, ಮತ್ತೆ ಮತ್ತೆ. ಸೇಫ್ ಮೋಡ್‌ಗೆ ಹೋಗಿ ವೆರಿಫೈಯರ್‌ಗೆ ರೀಸೆಟ್ ಕೊಟ್ಟು ಹೊರಗೆ ಬಂದೆ. ಗಿರಾಕಿಯ ಮೆಷೀನ್ ಮೇಲೆ ಇದನ್ನು ದಯವಿಟ್ಟು ಮಾಡಬೇಡಿ. ಹಾಗೇ ಆ ರ‍್ಯಾಮ್ ಕ್ಲೀನರ್‌ಗಳು. ಎರಡು ಹಾಕಿ ನೋಡಿದೆ. ಪ್ರೋಗ್ರಾಂಗಳ ಮೆಮೊರಿಯನ್ನು ಡಿಸ್ಕ್‌ಗೆ ತಳ್ಳಿ ಟ್ಯಾಲಿಯನ್ನು ಇನ್ನೂ ನಿಧಾನ ಮಾಡಿದವು. 11 ಜಿಬಿಯಲ್ಲಿ ಒಂದು ಎಂಬಿಯೂ ಕರಗಲಿಲ್ಲ. ನಾನ್-ಪೇಜ್ಡ್ ಡಿಸ್ಕ್‌ಗೆ ಹೋಗುವುದೇ ಇಲ್ಲವಲ್ಲ, ವರ್ಚುವಲ್ ಮೆಮೊರಿ ಜಾಸ್ತಿ ಮಾಡಿದರೂ ಅಷ್ಟೇ.

ಕೊನೆಗೆ ಸಿಕ್ಕಿದ್ದು ಇದು. ಮದರ್‌ಬೋರ್ಡ್ ಗೇಮಿಂಗ್‌ನದು, ಯಾರೋ ಅಗ್ಗಕ್ಕೆ ಕೊಟ್ಟಿದ್ದರು. ಅದರ ಡಿಸ್ಕ್‌ನಲ್ಲಿ ಲ್ಯಾನ್ ಡ್ರೈವರ್ ಜೊತೆ ಗೇಮ್‌ಗೆ ನೆಟ್ ಸ್ಪೀಡ್ ಮೊದಲು ಕೊಡುವ ಒಂದು ಸಾಫ್ಟ್‌ವೇರ್ ಇತ್ತು. ಅದರ ಫಿಲ್ಟರ್ ಡ್ರೈವರ್ (ನೆಟ್‌ವರ್ಕ್ ದಾರಿಯ ಮಧ್ಯೆ ಕೂರುವ ಡ್ರೈವರ್) ಪ್ರತಿ ಕಾಪಿಗೂ ಒಂದಿಷ್ಟು ಮೆಮೊರಿ ತಗೊಂಡು ವಾಪಸ್ ಕೊಡುತ್ತಿರಲಿಲ್ಲ. ಫಾರ್ಮ್ಯಾಟ್ ಮಾಡಿದ ಭಾನುವಾರ ನಾನೇ ಅದನ್ನು ಮತ್ತೆ ಹಾಕಿದ್ದೆ. ಸಾಫ್ಟ್‌ವೇರ್ ಪೂರ್ತಿ ತೆಗೆದು ಬರೀ ಲ್ಯಾನ್ ಡ್ರೈವರ್ ಹಾಕಿದೆ. ಅದೇ 20 ಜಿಬಿ ಮೂರು ಸಲ ಕಾಪಿ ಮಾಡಿದೆ. 280 ಎಂಬಿ, ಅಲ್ಲಾಡಲಿಲ್ಲ.

ತೆಗೆದದ್ದು ಅಪ್‌ಡೇಟ್ ಮೂಲಕ ವಾಪಸ್ ಬರದ ಹಾಗೆ ಒಂದು ಬಂದೋಬಸ್ತ್ ಮಾಡಿದ್ದೇನೆ. ದಿನಾ ಸಂಜೆ ಪೂಲ್ ಲೆಕ್ಕ ಬರೆದಿಡುವ ಒಂದು ಸಣ್ಣ ಬ್ಯಾಚ್ ಫೈಲೂ ಇದೆ. ಅವೆರಡು ನನ್ನ ಹೊಟ್ಟೆಪಾಡು, ನನ್ನ ಹತ್ತಿರವೇ ಇರಲಿ.

1,500 ಕೇಳಿದೆ. ಹಿಂದಿನ 300 ಮತ್ತು 700 ಕಳೆದು 500 ತಗೊಂಡೆ. ರ‍್ಯಾಮ್ ವಾಪಸ್ ತಗೊಳ್ತೀನಿ ಅಂದೆ, ಯಜಮಾನರು ಇರಲಿ ಅಂದರು. ಹೊಸದು ಮಾರಿಬಿಡಿ ಅಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ಇಂಥ ಕೇಸ್ ಬಂದರೆ ನನಗೇ ಕಳಿಸುತ್ತಾರೆ.

ಎರಡು ತಿಂಗಳಾಯಿತು. ಸೋರಿಕೆ ಇದ್ದರೆ ತುಂಬಿ ಕಾಣಲಿ ಅಂತ ಫಾಸ್ಟ್ ಸ್ಟಾರ್ಟಪ್ ಬೇಕಂತಲೇ ಮತ್ತೆ ಆನ್ ಮಾಡಿಟ್ಟಿದ್ದೇನೆ. ಮೊನ್ನೆ ನೋಡಿದಾಗ ಅಪ್‌ಟೈಮ್ 19 ದಿನ, ಪೂಲ್ 310 ಎಂಬಿ. ಅದೇ ಆಫೀಸಿನಲ್ಲಿ ಪ್ರಿಂಟರ್ ಹಾಕಿರುವ ಮೆಷೀನ್‌ನಲ್ಲಿ ಈಗ ಪೇಜ್ಡ್ ಪೂಲ್ (ಡಿಸ್ಕ್‌ಗೂ ಹೋಗಬಲ್ಲ ಪೂಲ್) ಏರುತ್ತಿದೆ. ಟ್ಯಾಗ್ ಬೇರೆ. ಶನಿವಾರ ಮಧ್ಯಾಹ್ನ ಬರ್ತೀನಿ ಅಂತ ಮೇಡಂಗೆ ಹೇಳಿದ್ದೇನೆ, ಅಲ್ಲಿವರೆಗೆ ರೀಸ್ಟಾರ್ಟ್ ಕೊಡಬೇಡಿ ಅಂತಲೂ.